ಗೆದ್ದ ಸ್ಥಾನ, ಬಿಟ್ಟ ಸ್ಥಾನ: ಬೋ ಗ್ರೀವ್ಸ್ ಪ್ರಕರಣ

2023ರ ಡಿಸೆಂಬರ್ 15ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ, ವೃತ್ತಿಪರ ಡಾರ್ಟ್ಸ್ ನಡೆಸುವ ಪಿಡಿಸಿ ಸಂಸ್ಥೆಯ ವಿಶ್ವ ಚಾಂಪಿಯನ್‌ಶಿಪ್ ಆರಂಭವಾಯಿತು. ಕಣದಲ್ಲಿ 96 ಮಂದಿ. ಅವರಲ್ಲಿ ಮಹಿಳೆಯರು ಇಬ್ಬರು: ಇಂಗ್ಲೆಂಡಿನ ಫ್ಯಾಲನ್ ಶೆರಾಕ್ ಮತ್ತು ಜಪಾನಿನ ಮಿಕುರು ಸುಜುಕಿ. ಆ ವರ್ಷ ಇವರಿಬ್ಬರಿಗಿಂತಲೂ ಹೆಚ್ಚು ಗೆದ್ದಿದ್ದ, ಪಿಡಿಸಿಯದೇ ಮಹಿಳಾ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಬೋ ಗ್ರೀವ್ಸ್ ಮಾತ್ರ ಅಲ್ಲಿರಲಿಲ್ಲ. ಅವರು ಯಾವ ಅರ್ಹತಾ ಟೂರ್ನಿಯಲ್ಲೂ ಸೋತು ಹೊರಬಿದ್ದವರಲ್ಲ. ಅರ್ಹತೆ ಪಡೆದೂ ಆಡದೆ ಉಳಿದವರು.

ಡಾರ್ಟ್ಸ್‌ನಲ್ಲಿ ಮಹಿಳೆಯರ ಅರ್ಹತೆಯ ಬಗ್ಗೆ ಮಾತು ಬಂದಾಗಲೆಲ್ಲ 'ಯಾರನ್ನು ಒಳಗೆ ಬಿಡಬೇಕು' ಎಂಬುದರ ಸುತ್ತಲೇ ಚರ್ಚೆ ತಿರುಗುತ್ತದೆ. ಒಳಗೆ ಬರುವ ಹಕ್ಕನ್ನು ಬೋರ್ಡಿನ ಮುಂದೆಯೇ ಗಳಿಸಿದವರು ಏಕೆ ಹೊರಗುಳಿಯುತ್ತಾರೆ ಎಂದು ಕೇಳುವವರು ಕಡಿಮೆ. ಗ್ರೀವ್ಸ್ ಪ್ರಕರಣ ಆ ಪ್ರಶ್ನೆಯನ್ನು ಎತ್ತುತ್ತದೆ.

ಎರಡು ಸಂಸ್ಥೆಗಳು, ಎರಡು ವಿಶ್ವ ಚಾಂಪಿಯನ್‌ಶಿಪ್

ಗ್ರೀವ್ಸ್ ಅವರನ್ನು ಹೊರಗಿಟ್ಟದ್ದು ಪಿಡಿಸಿಯ ಒಂದು ನಿಯಮ: ಇನ್ನೊಂದು ಸಂಸ್ಥೆಯ ವಿಶ್ವ ಚಾಂಪಿಯನ್‌ಶಿಪ್ ಆಡಿದವರು ಪಿಡಿಸಿಯದನ್ನು ಆಡುವಂತಿಲ್ಲ. ಹಿನ್ನೆಲೆ ಗೊತ್ತಿಲ್ಲದೆ ಈ ನಿಯಮ ಅರ್ಥವಾಗುವುದಿಲ್ಲ. ವೃತ್ತಿಪರ ಡಾರ್ಟ್ಸ್ 1990ರ ದಶಕದ ಆರಂಭದಲ್ಲಿ ಎರಡಾಗಿ ಒಡೆಯಿತು. ಅಲ್ಲಿಯವರೆಗೆ ಆಟವನ್ನು ನಡೆಸುತ್ತಿದ್ದ ಬಿಡಿಒ ಸಂಸ್ಥೆಯನ್ನು ತೊರೆದ ಪ್ರಮುಖ ಆಟಗಾರರು ಕಟ್ಟಿಕೊಂಡ ಸಂಘಟನೆಯೇ ಮುಂದೆ ಪಿಡಿಸಿ ಆಯಿತು. ದುಡ್ಡು, ಟಿವಿ ಪ್ರಸಾರ, ದೊಡ್ಡ ಹೆಸರುಗಳು ಕ್ರಮೇಣ ಪಿಡಿಸಿ ಕಡೆ ಸರಿದವು. ಆದರೆ ಒಂದು ವಿಷಯದಲ್ಲಿ ಹಳೆಯ ಸಂಸ್ಥೆಯೇ ಮುಂದಿತ್ತು. 2001ರಲ್ಲಿ ಅದು ಸರ್ರೆಯ ಫ್ರಿಮ್ಲಿ ಗ್ರೀನ್‌ನಲ್ಲಿರುವ ಲೇಕ್‌ಸೈಡ್ ಸಭಾಂಗಣದಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ಆರಂಭಿಸಿತು. ಮೊದಲ ಏಳು ವರ್ಷಗಳ ಕಿರೀಟವನ್ನೂ ಗೆದ್ದವರು ಟ್ರೀನಾ ಗಲಿವರ್. 2020ರಲ್ಲಿ ಬಿಡಿಒ ಕುಸಿದಾಗ ಡಬ್ಲ್ಯುಡಿಎಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಲೇಕ್‌ಸೈಡ್‌ನ ಪರಂಪರೆಯನ್ನು ವಹಿಸಿಕೊಂಡಿತು.

ಪಿಡಿಸಿ ತನ್ನದೇ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ್ದು ಒಂದೇ ಒಂದು ಬಾರಿ, 2010ರಲ್ಲಿ. ಅಮೆರಿಕದ ಸ್ಟೇಸಿ ಬ್ರಾಂಬರ್ಗ್ ಗೆದ್ದರು, ಅಲ್ಲಿಗೆ ಆ ಟೂರ್ನಿ ನಿಂತುಹೋಯಿತು. ಪಿಡಿಸಿಯ ವಿಶ್ವ ಚಾಂಪಿಯನ್‌ಶಿಪ್ ಮಾತ್ರ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರಿಗೂ ತೆರೆದಿದೆ. ಕೆನಡಾದ ಗೇಲ್ ಕಿಂಗ್ 2001ರ ಆವೃತ್ತಿಯಲ್ಲೇ ಅಲ್ಲಿ ಆಡಿದ್ದರು. ಬೋರ್ಡಿನ ಎತ್ತರ, 2.37 ಮೀಟರ್ ದೂರದ ಎಸೆತದ ಗೆರೆ, 501 ಅಂಕಗಳಿಂದ ಸೊನ್ನೆಗೆ ಇಳಿದು, ಕೊನೆಯ ಎಸೆತವನ್ನು ಅಂಕ ಇಮ್ಮಡಿಯಾಗುವ 'ಡಬಲ್' ಭಾಗದಲ್ಲಿ ಮುಗಿಸಬೇಕೆಂಬ ನಿಯಮ, ಇವೆಲ್ಲ ಎಲ್ಲರಿಗೂ ಒಂದೇ. ಬಾಗಿಲು ತೆರೆದಿದ್ದರೂ ಒಳಗೆ ಬರುವವರು ಮಾತ್ರ ವಿರಳವಾಗಿದ್ದರು.

2018ರಲ್ಲಿ ಪಿಡಿಸಿ ತನ್ನ ವಿಶ್ವ ಚಾಂಪಿಯನ್‌ಶಿಪ್ ಅನ್ನು 72ರಿಂದ 96 ಆಟಗಾರರಿಗೆ ಹಿಗ್ಗಿಸಿತು. ಆಗ ಎರಡು ಸ್ಥಾನಗಳನ್ನು ಮಹಿಳೆಯರ ಅರ್ಹತಾ ಟೂರ್ನಿಗಳಿಗೆ ಮೀಸಲಿಟ್ಟಿತು: ಒಂದು ಬ್ರಿಟನ್ ಮತ್ತು ಐರ್ಲೆಂಡಿಗೆ, ಇನ್ನೊಂದು ಉಳಿದ ಜಗತ್ತಿಗೆ. ಮೊದಲ ವರ್ಷ ಲೀಸಾ ಆಶ್ಟನ್ ಮತ್ತು ಅನಸ್ತಾಸಿಯಾ ಡೊಬ್ರೊಮಿಸ್ಲೋವಾ ಬಂದರು, ಇಬ್ಬರೂ ಮೊದಲ ಪಂದ್ಯದಲ್ಲೇ ಸೋತರು. ಮರುವರ್ಷ, 2019ರ ಡಿಸೆಂಬರ್‌ನಲ್ಲಿ, ಅದೇ ದಾರಿಯಿಂದ ಬಂದ ಶೆರಾಕ್ ಟೆಡ್ ಎವೆಟ್ಸ್ ಅವರನ್ನು 3-2ರಿಂದಲೂ 11ನೇ ಶ್ರೇಯಾಂಕದ ಮೆನ್ಸುರ್ ಸುಲ್ಯೋವಿಚ್ ಅವರನ್ನು 3-1ರಿಂದಲೂ ಮಣಿಸಿದರು. ಆ ವೇದಿಕೆಯಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆ ಅವರು. 'ಮಹಿಳೆಯರಿಗೆ ಕೊಟ್ಟ ಎರಡು ಸ್ಥಾನ ದಾನ' ಎಂದು ಹೇಳುತ್ತಿದ್ದವರಿಗೆ ಆ ವಾರ ಉತ್ತರ ಸಿಕ್ಕಿತು.

2020ರಿಂದ ಪಿಡಿಸಿ ಮಹಿಳಾ ಸರಣಿ ಶುರುವಾಯಿತು. ಒಂದೇ ದಿನದ ಅದೃಷ್ಟಕ್ಕೆ ವರ್ಷದ ಭವಿಷ್ಯವನ್ನು ಒಪ್ಪಿಸುವ ಅರ್ಹತಾ ಟೂರ್ನಿಯ ಬದಲು, ವಾರಾಂತ್ಯಗಳಲ್ಲಿ ನಡೆಯುವ ಹಲವು ಟೂರ್ನಿಗಳ ಬಹುಮಾನದ ಮೊತ್ತವನ್ನು ಕೂಡಿಸಿ ಆರ್ಡರ್ ಆಫ್ ಮೆರಿಟ್ ಎಂಬ ಪಟ್ಟಿ ಮಾಡುವ ಪದ್ಧತಿ ಇದು. ಪಟ್ಟಿಯ ಮೊದಲ ಇಬ್ಬರಿಗೆ ಆಗ ಅಲೆಕ್ಸಾಂಡ್ರಾ ಪ್ಯಾಲೇಸ್‌ಗೆ ಪ್ರವೇಶವಿತ್ತು. ಎಲ್ಲಾ ಬದಲಾವಣೆಗಳಲ್ಲಿ ಇದೇ ಅತ್ಯುತ್ತಮವಾದದ್ದು ಎಂದು ನಾನು ನಂಬುತ್ತೇನೆ. ವರ್ಷಪೂರ್ತಿ ಆಡಿ ಗಳಿಸಿದ ಸ್ಥಾನದ ಬಗ್ಗೆ ಯಾರೂ ಬೆರಳು ತೋರಿಸಲಾಗದು. 2022ರಲ್ಲಿ ಇದಕ್ಕೆ ಬ್ಲ್ಯಾಕ್‌ಪೂಲ್‌ನ ವಿಂಟರ್ ಗಾರ್ಡನ್ಸ್‌ನಲ್ಲಿ ಎಂಟು ಮಂದಿಯ ಮಹಿಳಾ ವರ್ಲ್ಡ್ ಮ್ಯಾಚ್‌ಪ್ಲೇ ಸೇರಿತು. ಗೆದ್ದವರಿಗೆ 10,000 ಪೌಂಡ್, ಜೊತೆಗೆ ಪಿಡಿಸಿಯ ಗ್ರ್ಯಾಂಡ್ ಸ್ಲ್ಯಾಮ್ ಟೂರ್ನಿಗೂ ವಿಶ್ವ ಚಾಂಪಿಯನ್‌ಶಿಪ್‌ಗೂ ಪ್ರವೇಶ.

ಎರಡೂ ಆಡಿದ ವರ್ಷ

ಬೋ ಗ್ರೀವ್ಸ್ ಇಂಗ್ಲೆಂಡಿನ ಡಾನ್‌ಕಾಸ್ಟರ್‌ನವರು, ಹುಟ್ಟಿದ್ದು 2004ರ ಜನವರಿಯಲ್ಲಿ. 2022ರ ಏಪ್ರಿಲ್‌ನಲ್ಲಿ ಲೇಕ್‌ಸೈಡ್‌ನ ಡಬ್ಲ್ಯುಡಿಎಫ್ ಮಹಿಳಾ ಫೈನಲ್‌ನಲ್ಲಿ ಕರ್ಸ್ಟಿ ಹಚಿನ್ಸನ್ ಅವರನ್ನು 4-0 ಸೆಟ್‌ಗಳಿಂದ ಸೋಲಿಸಿ, 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಅದೇ ವರ್ಷದ ಉತ್ತರಾರ್ಧದಲ್ಲಿ ಪಿಡಿಸಿ ಮಹಿಳಾ ಸರಣಿಗೆ ಕಾಲಿಟ್ಟು ಸತತ ಎಂಟು ಟೂರ್ನಿ ಗೆದ್ದರು. ಅರ್ಧ ವರ್ಷ ತಡವಾಗಿ ಬಂದೂ ಪಟ್ಟಿಯ ಮೊದಲ ಇಬ್ಬರಲ್ಲಿ ಒಬ್ಬರಾದರು. ಡಿಸೆಂಬರ್‌ನಲ್ಲಿ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಮೊದಲ ಸುತ್ತಿನಲ್ಲಿ ಐರ್ಲೆಂಡಿನ ವಿಲಿಯಂ ಓ'ಕಾನರ್ ಎದುರು 0-3ರಿಂದ ಸೋತರು. ಮ್ಯಾಚ್‌ಪ್ಲೇ ಗೆದ್ದಿದ್ದ ಶೆರಾಕ್ ಹಾಗೂ ಆಶ್ಟನ್ ಕೂಡ ಇದ್ದರು. ಹಾಗಾಗಿ ಆ ಬಾರಿ ಕಣದಲ್ಲಿ ಮೂವರು ಮಹಿಳೆಯರು.

ಗಮನಿಸಬೇಕಾದ ಮಾತೆಂದರೆ, ಆ ಕ್ಯಾಲೆಂಡರ್ ವರ್ಷದಲ್ಲಿ ಗ್ರೀವ್ಸ್ ಎರಡೂ ಕಡೆ ಆಡಿದರು. ಲೇಕ್‌ಸೈಡ್ ಏಪ್ರಿಲ್‌ನಲ್ಲಿ, ಅಲೆಕ್ಸಾಂಡ್ರಾ ಪ್ಯಾಲೇಸ್ ಡಿಸೆಂಬರ್‌ನಲ್ಲಿ. ಯಾರಿಗೂ ತೊಂದರೆಯಾಗಲಿಲ್ಲ. ಯಾವ ಟೂರ್ನಿಯ ಗೌರವವೂ ಕಡಿಮೆಯಾಗಲಿಲ್ಲ.

ಷರತ್ತು

2023ರಲ್ಲಿ ಡಬ್ಲ್ಯುಡಿಎಫ್ ತನ್ನ ಚಾಂಪಿಯನ್‌ಶಿಪ್ ಅನ್ನು ಡಿಸೆಂಬರ್ 2ರಿಂದ 10ರವರೆಗೆ ಇಟ್ಟುಕೊಂಡಿತು. ಆ ಋತುವಿಗೆ ಪಿಡಿಸಿ ಹಾಕಿದ ಷರತ್ತು ಹೀಗಿತ್ತು: ಡಬ್ಲ್ಯುಡಿಎಫ್ ವಿಶ್ವ ಚಾಂಪಿಯನ್‌ಶಿಪ್ ಆಡಿದವರು ಅದೇ ಚಳಿಗಾಲದ ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್ ಆಡುವಂತಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಇದು ದಿನಾಂಕಗಳು ಒಂದರ ಮೇಲೊಂದು ಬಿದ್ದು ಹುಟ್ಟಿದ ಸಮಸ್ಯೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಲೇಕ್‌ಸೈಡ್‌ನ ಫೈನಲ್ ಡಿಸೆಂಬರ್ 10ಕ್ಕೆ ಮುಗಿಯಿತು, ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಮೊದಲ ಪಂದ್ಯ 15ಕ್ಕೆ. ನಡುವೆ ದಿನಗಳಿದ್ದವು, ಎರಡೂ ಊರುಗಳು ಇಂಗ್ಲೆಂಡಿನ ಆಗ್ನೇಯ ಭಾಗದಲ್ಲೇ ಇವೆ. ಕ್ಯಾಲೆಂಡರ್ ತಡೆಯಲಿಲ್ಲ, ನಿಯಮ ತಡೆಯಿತು.

ಗ್ರೀವ್ಸ್ ಆ ಜುಲೈನಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಸುಜುಕಿಯವರನ್ನು 6-1ರಿಂದ ಸೋಲಿಸಿ ಮ್ಯಾಚ್‌ಪ್ಲೇ ಗೆದ್ದಿದ್ದರು. ಸರಣಿಯ ಪಟ್ಟಿಯಲ್ಲೂ ಅವರೇ ಮೊದಲಿಗರು. ಅಂದರೆ ಅರ್ಹತೆಯ ಎರಡೂ ದಾರಿಯಲ್ಲಿ ಅವರು ಗುರಿ ಮುಟ್ಟಿದ್ದರು. ಆದರೂ ಲೇಕ್‌ಸೈಡ್ ಆರಿಸಿಕೊಂಡರು. ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಐಲೀನ್ ಡಿ ಗ್ರಾಫ್ ಅವರನ್ನು 4-1ರಿಂದ ಮಣಿಸಿ ಕಿರೀಟ ಉಳಿಸಿಕೊಂಡರು. 2024ರಲ್ಲೂ ಇದೇ ಕಥೆ: ಮ್ಯಾಚ್‌ಪ್ಲೇ ಗೆಲುವು, ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್‌ಗೆ ಇಲ್ಲವೆಂಬ ಉತ್ತರ, ಲೇಕ್‌ಸೈಡ್‌ನಲ್ಲಿ ಸೋಫಿ ಮೆಕಿನ್ಲಿ ಎದುರಿನ ಫೈನಲ್, ಸತತ ಮೂರನೇ ಕಿರೀಟ. ಆ ಚಳಿಗಾಲವೂ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಇಬ್ಬರೇ ಮಹಿಳೆಯರು ಆಡಿದರು, ಶೆರಾಕ್ ಮತ್ತು ನೆದರ್ಲೆಂಡ್ಸ್‌ನ ನೋವಾ-ಲಿನ್ ವಾನ್ ಲ್ಯೂವೆನ್.

ಲೆಕ್ಕ ಹಾಕಿ ನೋಡಿದರೆ

ಈ ಆಯ್ಕೆಯನ್ನು 'ಸುಲಭದ ಗೆಲುವಿನ ಹಿಂದೆ ಹೋದರು' ಎಂದು ಟೀಕಿಸಿದವರಿದ್ದಾರೆ. ನನಗೆ ಆ ಮಾತು ಅನ್ಯಾಯವೆನಿಸುತ್ತದೆ. ಮೊದಲು ಹಣದ ಲೆಕ್ಕವನ್ನೇ ನೋಡೋಣ. ಆಗಿನ ಬಹುಮಾನದ ಪ್ರಕಾರ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಮೊದಲ ಸುತ್ತಿನಲ್ಲಿ ಸೋತವರಿಗೆ 7,500 ಪೌಂಡ್, ಎರಡನೇ ಸುತ್ತಿನಲ್ಲಿ ಸೋತವರಿಗೆ 15,000, ಮೂರನೆಯದರಲ್ಲಿ 25,000. ಲೇಕ್‌ಸೈಡ್‌ನ ಮಹಿಳಾ ಚಾಂಪಿಯನ್‌ಗೆ 25,000. ಅಂದರೆ ಲೇಕ್‌ಸೈಡ್ ಗೆದ್ದಷ್ಟು ಹಣ ಬರಬೇಕಾದರೆ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಎರಡು ಪಂದ್ಯ ಗೆಲ್ಲಬೇಕು. ಆ ಎರಡನೆಯದು ನೇರವಾಗಿ ಎರಡನೇ ಸುತ್ತಿಗೆ ಬರುವ 32 ಶ್ರೇಯಾಂಕಿತರಲ್ಲಿ ಒಬ್ಬರ ಎದುರು. ಅಲ್ಲಿಯವರೆಗಿನ ಇತಿಹಾಸದಲ್ಲಿ ಅದನ್ನು ಸಾಧಿಸಿದ ಮಹಿಳೆ ಶೆರಾಕ್ ಒಬ್ಬರೇ.

ಹಣ ಇಲ್ಲಿ ಮುಖ್ಯ ಸಂಗತಿಯೂ ಅಲ್ಲ. ಲೇಕ್‌ಸೈಡ್‌ನಲ್ಲಿ ಗೆದ್ದವರ ಹೆಸರಿನ ಮುಂದೆ 'ಮಹಿಳಾ ವಿಶ್ವ ಚಾಂಪಿಯನ್' ಎಂದು ಬರೆಯಲಾಗುತ್ತದೆ. ಆ ಬಿರುದು ಪಿಡಿಸಿಯಲ್ಲಿ ಇಲ್ಲವೇ ಇಲ್ಲ. ಮ್ಯಾಚ್‌ಪ್ಲೇ ದೊಡ್ಡ ಪ್ರಶಸ್ತಿ ನಿಜ, ಆದರೆ ಅದು ಎಂಟು ಮಂದಿಯ ಟೂರ್ನಿ. ಸೆಟ್‌ಗಳಿಲ್ಲ, ಫೈನಲ್‌ನಲ್ಲಿ ಮೊದಲು ಆರು ಲೆಗ್ (501ರಿಂದ ಸೊನ್ನೆಗೆ ಇಳಿಯುವ ಒಂದೊಂದು ಆಟ) ಗೆದ್ದವರು ವಿಜೇತರು. ಸೆಟ್ ಪದ್ಧತಿಯಲ್ಲಿ, ಕ್ಯಾಮೆರಾಗಳ ಎದುರು, ಬೇರೆ ಬೇರೆ ದೇಶಗಳ ಮಹಿಳೆಯರ ನಡುವೆ ಒಂದು ವಾರ ಹೋರಾಡಿ ಪಡೆಯುವ ಪಟ್ಟ ಲೇಕ್‌ಸೈಡ್‌ನದು ಮಾತ್ರ.

ಒಂದೇ ನಿಯಮ, ಎರಡು ಭಾರ

ಈ ಷರತ್ತು ಕಾಗದದ ಮೇಲೆ ಸಮವಾಗಿದೆ. ಗಂಡಸರಿಗೂ ಹೆಂಗಸರಿಗೂ ಒಂದೇ. ಹಾಗಿದ್ದೂ ಇದು ಮಹಿಳೆಯರ ಮೇಲೆ ಹೆಚ್ಚು ಭಾರ ಹಾಕುತ್ತದೆ.

ಪುರುಷ ಆಟಗಾರನ ವೃತ್ತಿಜೀವನವನ್ನು ನೋಡಿ. ರೇಮಂಡ್ ವಾನ್ ಬಾರ್ನೆವೆಲ್ಡ್ ಲೇಕ್‌ಸೈಡ್‌ನಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿ, 2006ರಲ್ಲಿ ಪಿಡಿಸಿಗೆ ಬಂದು, 2007ರ ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು. ಗ್ಲೆನ್ ಡ್ಯುರಂಟ್ 2017ರಿಂದ 2019ರವರೆಗೆ ಲೇಕ್‌ಸೈಡ್ ಗೆದ್ದು, ನಂತರ ಕ್ಯೂ-ಸ್ಕೂಲ್ ಎಂಬ ಅರ್ಹತಾ ಟೂರ್ನಿಯ ಮೂಲಕ ಪಿಡಿಸಿಯ ವೃತ್ತಿಪರ ಟೂರ್ ಆಡುವ ಹಕ್ಕು ಕೊಡುವ ಟೂರ್ ಕಾರ್ಡ್ ಪಡೆದು, ಪಿಡಿಸಿಯ 2020ರ ಪ್ರೀಮಿಯರ್ ಲೀಗ್ ಗೆದ್ದರು. ಇವರಿಗೆ ಲೇಕ್‌ಸೈಡ್ ಬಿಡುವುದೆಂದರೆ ಅದೇ ಮೆಟ್ಟಿಲಿನ ಮೇಲಿನ ಹಂತಕ್ಕೆ ಹೋಗುವುದು. ಚಿಕ್ಕ ವಿಶ್ವ ಪಟ್ಟದ ಬದಲು ದೊಡ್ಡ ವಿಶ್ವ ಪಟ್ಟಕ್ಕೆ ಸ್ಪರ್ಧೆ.

ಮಹಿಳೆಗೆ ಹಾಗಲ್ಲ. ಅವಳು ಲೇಕ್‌ಸೈಡ್ ಬಿಟ್ಟರೆ ಮಹಿಳಾ ವಿಶ್ವ ಪಟ್ಟವನ್ನೇ ಬಿಡುತ್ತಾಳೆ. ಪ್ರತಿಯಾಗಿ ಸಿಗುವುದು ಅದರ ದೊಡ್ಡ ರೂಪವಲ್ಲ, ಬೇರೆಯೇ ಬಗೆಯ ಸ್ಪರ್ಧೆ. 96 ಜನರಲ್ಲಿ ಒಬ್ಬಳಾಗಿ, ವರ್ಷವಿಡೀ ವೃತ್ತಿಪರ ಟೂರ್ ಆಡಿ ಪಳಗಿದವರ ಎದುರು, ಐದು ಸೆಟ್‌ಗಳ ಒಂದು ಪಂದ್ಯ. ಅದಕ್ಕೂ ಬೆಲೆಯಿದೆ, ಬಹಳ ಬೆಲೆಯಿದೆ. ಆದರೆ ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. 'ಎರಡರಲ್ಲಿ ಒಂದು' ಎಂದು ಗಂಡಸಿಗೆ ಹೇಳಿದಾಗ ಅವನು ಒಂದೇ ವಸ್ತುವಿನ ಎರಡು ಗಾತ್ರಗಳಲ್ಲಿ ಆರಿಸುತ್ತಾನೆ. ಹೆಂಗಸಿಗೆ ಹೇಳಿದಾಗ ಅವಳು ಬೇರೆ ಬೇರೆ ಎರಡು ವಸ್ತುಗಳಲ್ಲಿ ಒಂದನ್ನು ಕಳೆದುಕೊಳ್ಳುತ್ತಾಳೆ.

ಪಿಡಿಸಿಯ ಕಡೆಯಿಂದಲೂ ಯೋಚಿಸಬೇಕು. ದುಡ್ಡು ಹಾಕಿ ಟೂರ್ನಿಯನ್ನು ಬೆಳೆಸಿದ ಸಂಸ್ಥೆಗೆ ತನ್ನ ಮುಖ್ಯ ಪಟ್ಟವೇ ವಿಶ್ವ ಪಟ್ಟ ಎಂದು ಪ್ರೇಕ್ಷಕರ ಮನಸ್ಸಿನಲ್ಲಿ ನಿಲ್ಲಬೇಕೆಂಬ ಆಸೆ ಸಹಜ. ಕೆಲವೇ ದಿನಗಳ ಹಿಂದೆ ಇನ್ನೊಂದು ವೇದಿಕೆಯಲ್ಲಿ ವಿಶ್ವ ಚಾಂಪಿಯನ್ ಎನಿಸಿಕೊಂಡವನು ಇಲ್ಲಿ ಮೊದಲ ಸುತ್ತಿನಲ್ಲಿ ನಿಂತರೆ ನೋಡುಗರಿಗೆ ಗೊಂದಲವಾಗಬಹುದು. ಪುರುಷರ ಮಟ್ಟಿಗೆ ಈ ವಾದಕ್ಕೆ ತೂಕವಿದೆ. ಮಹಿಳೆಯರ ಮಟ್ಟಿಗೆ ಅದು ತಿರುಗುಮುರುಗಾಗುತ್ತದೆ. 'ಈಗಷ್ಟೇ ಮಹಿಳಾ ವಿಶ್ವ ಚಾಂಪಿಯನ್ ಆದವರು ಇಂದು ರಾತ್ರಿ ಆಡುತ್ತಾರೆ' ಎಂದು ಹೇಳಿಕೊಳ್ಳುವ ಅವಕಾಶವನ್ನು ಪಿಡಿಸಿ ತಾನಾಗಿ ಬಿಟ್ಟುಕೊಟ್ಟಿತು. ಕಣದಲ್ಲಿದ್ದ ಮಹಿಳೆಯರ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಎಷ್ಟೋ ವರ್ಷಗಳ ಶ್ರಮದಿಂದ ಕಟ್ಟಿದ ಅರ್ಹತಾ ಪದ್ಧತಿ ತನ್ನ ಅತ್ಯುತ್ತಮ ಆಟಗಾರ್ತಿಯನ್ನು ಗುರುತಿಸಿತು, ಆದರೆ ಅವರನ್ನು ವೇದಿಕೆಗೆ ತರಲಾಗಲಿಲ್ಲ.

ಇದು ಮೊದಲ ಸಲವಲ್ಲ

ಅದಕ್ಕೂ ಹದಿನೈದು ವರ್ಷ ಹಿಂದೆಯೇ ಇಂಥದೊಂದು ನಡೆದಿತ್ತು. 2008ರಲ್ಲಿ ರಷ್ಯಾದ ಡೊಬ್ರೊಮಿಸ್ಲೋವಾ ಲೇಕ್‌ಸೈಡ್‌ನ ಫೈನಲ್‌ನಲ್ಲಿ ಗಲಿವರ್ ಅವರ ಏಳು ವರ್ಷಗಳ ಓಟವನ್ನು ಮುರಿದರು. ಆ ಬಳಿಕ ಪಿಡಿಸಿ ಕಡೆ ಹೋಗಿ 2009ರ ಆವೃತ್ತಿಯ ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡಿ ಮೊದಲ ಪಂದ್ಯದಲ್ಲೇ ಸೋತರು. ಲೇಕ್‌ಸೈಡ್‌ನಲ್ಲಿ ಕಿರೀಟ ಉಳಿಸಿಕೊಳ್ಳುವ ಅವಕಾಶ ಅವರಿಗಿರಲಿಲ್ಲ. ಆ ವರ್ಷದ ಪಟ್ಟ ಫ್ರಾನ್ಸಿಸ್ ಹೂನ್ಸೆಲಾರ್ ಪಾಲಾಯಿತು. ಡೊಬ್ರೊಮಿಸ್ಲೋವಾ ಕೊನೆಗೆ ಹಳೆಯ ಸಂಸ್ಥೆಗೆ ಮರಳಿ 2012 ಮತ್ತು 2013ರಲ್ಲಿ ಮತ್ತೆ ಗೆದ್ದರು. ಆಗ ತಡೆದದ್ದು ಒಂದು ಸಂಸ್ಥೆ, ಈಗ ಇನ್ನೊಂದು. ಎರಡೂ ಸಲ ಬೆಲೆ ತೆತ್ತವರು ಹಾಲಿ ಮಹಿಳಾ ಚಾಂಪಿಯನ್.

ವ್ಯತ್ಯಾಸವೂ ಇದೆ. ಡೊಬ್ರೊಮಿಸ್ಲೋವಾ ಹೋದಾಗ ಮಹಿಳೆಯರಿಗೆಂದು ನಿಗದಿಯಾದ ಸ್ಥಾನವಾಗಲಿ ಸರಣಿಯಾಗಲಿ ಪಿಡಿಸಿಯಲ್ಲಿ ಇರಲಿಲ್ಲ. ಅವರು ಗೊತ್ತಿಲ್ಲದ ದಾರಿಗೆ ಹೆಜ್ಜೆಯಿಟ್ಟಿದ್ದರು. ಗ್ರೀವ್ಸ್ ಮುಂದೆ ವ್ಯವಸ್ಥಿತ ದಾರಿಯಿತ್ತು, ಅದರ ಕೊನೆ ಮುಟ್ಟಿಯೂ ಆಗಿತ್ತು. ಅದಕ್ಕೇ ಈ ಸಲದ ನಷ್ಟ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ಏನು ಮಾಡಬಹುದಿತ್ತು

ನಿಯಮವನ್ನೇ ತೆಗೆದುಹಾಕಿ ಎನ್ನುವುದು ನನ್ನ ಮಾತಲ್ಲ. ಮಹಿಳಾ ಸರಣಿ ಅಥವಾ ಮಹಿಳಾ ಮ್ಯಾಚ್‌ಪ್ಲೇ ಮೂಲಕ ಅರ್ಹತೆ ಪಡೆದವರಿಗೆ ಈ ಷರತ್ತು ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಸೇರಿಸಿದರೆ ಸಾಕಿತ್ತು. ಪುರುಷರ ಪಟ್ಟಿಗೆ ಅದರಿಂದ ಧಕ್ಕೆಯಿಲ್ಲ. ಈ ವಿನಾಯಿತಿ ಮುಟ್ಟುವುದು ವರ್ಷಕ್ಕೆ ಒಬ್ಬಿಬ್ಬರನ್ನು ಮಾತ್ರ. ವಿನಾಯಿತಿ ಎಂದರೆ ಪಕ್ಷಪಾತ ಎನ್ನುವವರಿಗೆ ಉತ್ತರ ಸುಲಭ: ಪಿಡಿಸಿಯಲ್ಲಿ ಮಹಿಳಾ ವಿಶ್ವ ಪಟ್ಟ ಇಲ್ಲದಿರುವವರೆಗೆ ಲೇಕ್‌ಸೈಡ್ ಪಿಡಿಸಿಯ ಪ್ರತಿಸ್ಪರ್ಧಿಯೇ ಅಲ್ಲ.

ಅಷ್ಟಕ್ಕೂ ಒಪ್ಪಿಗೆಯಿಲ್ಲದಿದ್ದರೆ ಆಯ್ಕೆಯ ಸಮಯವನ್ನಾದರೂ ಹಿಂದಕ್ಕೆ ತರಬೇಕು. ಬ್ಲ್ಯಾಕ್‌ಪೂಲ್‌ನ ಎಂಟು ಮಂದಿ ಎಸೆತದ ಗೆರೆಗೆ ಬರುವ ಮೊದಲೇ 'ಗೆದ್ದರೆ ವಿಶ್ವ ಚಾಂಪಿಯನ್‌ಶಿಪ್ ಆಡುತ್ತೀರಾ' ಎಂದು ಕೇಳಿ ಬರೆಸಿಕೊಂಡರೆ, ಚಾಂಪಿಯನ್ ಬಿಟ್ಟ ಸ್ಥಾನ ಯಾರಿಗೆ ಹೋಗುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಪಟ್ಟಿಯ ಮೂರನೇ, ನಾಲ್ಕನೇ ಸ್ಥಾನಗಳಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಮಹಿಳಾ ಸರಣಿಯನ್ನೇ ನಂಬಿ ಹೊಟ್ಟೆ ಹೊರೆಯಲಾಗದ ಆಟಗಾರ್ತಿಯರೇ ಹೆಚ್ಚು. ಕೆಲಸಕ್ಕೆ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ವಾರಾಂತ್ಯದ ಟೂರ್ನಿಗೆ ಬರುವವರಿಗೆ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಒಂದು ಪಂದ್ಯದ ಹಣ ಇಡೀ ಋತುವಿನ ಗಳಿಕೆಯನ್ನು ಮೀರಬಹುದು.

ಮೂರನೆಯ ದಾರಿ ಪಿಡಿಸಿ ತನ್ನದೇ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ಆರಂಭಿಸುವುದು. 2010ರಲ್ಲಿ ಅದು ಉಳಿಯಲಿಲ್ಲ, ಏಕೆಂದರೆ ಕೆಳಗೆ ಆಧಾರವಾಗಿ ನಿಲ್ಲುವ ಸರಣಿ ಇರಲಿಲ್ಲ. ಈಗ ಇದೆ.

ಆಮೇಲೆ

2025ರಲ್ಲಿ ಗ್ರೀವ್ಸ್ ನಿರ್ಧಾರ ಬದಲಿಸಿದರು. ಲೇಕ್‌ಸೈಡ್ ಕಿರೀಟವನ್ನು ಉಳಿಸಿಕೊಳ್ಳಲು ಹೋಗದೆ ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್ ಆರಿಸಿಕೊಂಡರು. ಆ ಹೊತ್ತಿಗೆ ಅಂಕಿಗಳೂ ಬದಲಾಗಿದ್ದವು. ಕಣ 128 ಆಟಗಾರರಿಗೆ ಹಿಗ್ಗಿತ್ತು, ವಿಜೇತರಿಗೆ 10 ಲಕ್ಷ ಪೌಂಡ್, ಮೊದಲ ಸುತ್ತಿನಲ್ಲಿ ಸೋತವರಿಗೂ 15,000. ಗ್ರೀವ್ಸ್ ಅವರ ಆಟವೂ ಬೆಳೆದಿತ್ತು. ಅಕ್ಟೋಬರ್‌ನಲ್ಲಿ ವಿಶ್ವ ಯುವ ಚಾಂಪಿಯನ್‌ಶಿಪ್‌ನ ಸೆಮಿಫೈನಲ್‌ನಲ್ಲಿ ಹಾಲಿ ವಿಶ್ವ ಚಾಂಪಿಯನ್ ಲ್ಯೂಕ್ ಲಿಟ್ಲರ್ ಅವರನ್ನು 6-5ರಿಂದ ಸೋಲಿಸಿದ್ದರು. ನವೆಂಬರ್‌ನ ಫೈನಲ್‌ನಲ್ಲಿ ಗಿಯಾನ್ ವಾನ್ ವೀನ್ ಎದುರು ಅದೇ ಅಂತರದಿಂದ ಸೋತರು. ಡಿಸೆಂಬರ್‌ನಲ್ಲಿ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಮೊದಲ ಸುತ್ತಿನಲ್ಲಿ ಡ್ಯಾರಿಲ್ ಗರ್ನಿ ಅವರನ್ನು ಐದನೇ ಸೆಟ್‌ವರೆಗೆ ಎಳೆದು 2-3ರಿಂದ ಸೋತರು. ಮೂರು ವರ್ಷ ಹಿಂದಿನ 0-3ಕ್ಕೂ ಇದಕ್ಕೂ ಇರುವ ದೂರ ದೊಡ್ಡದು. ನಡುವಿನ ಎರಡು ಚಳಿಗಾಲಗಳಲ್ಲೂ ಆ ವೇದಿಕೆಯ ಅನುಭವ ಸಿಕ್ಕಿದ್ದರೆ ಆ ಐದನೇ ಸೆಟ್ ಯಾರ ಕಡೆ ವಾಲುತ್ತಿತ್ತೋ ಎಂದು ನಾನು ಇನ್ನೂ ಯೋಚಿಸುತ್ತೇನೆ.

ಡೆವಲಪ್‌ಮೆಂಟ್ ಟೂರ್ ಪಟ್ಟಿಯ ಮೂಲಕ ಗ್ರೀವ್ಸ್‌ಗೆ 2026ರಿಂದ ಟೂರ್ ಕಾರ್ಡ್ ದಕ್ಕಿದೆ. ಗಂಡು ಹೆಣ್ಣು ಒಟ್ಟಿಗೆ ಆಡುವ, ವಯೋಮಿತಿಯಷ್ಟೇ ಇರುವ ಸರಣಿ ಅದು. ಇನ್ನು ಅವರು ವಿಶ್ವ ಚಾಂಪಿಯನ್‌ಶಿಪ್‌ಗೆ ಬರಲು ಮಹಿಳಾ ಸ್ಥಾನವೊಂದನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ, ವೃತ್ತಿಪರ ಟೂರ್‌ನ ಪಟ್ಟಿಗಳೂ ಅವರಿಗೆ ತೆರೆದಿವೆ. ಷರತ್ತಿನ ಪೂರ್ತಿ ಭಾರ ಬೀಳುವುದು ಟೂರ್ ಕಾರ್ಡ್ ಇಲ್ಲದೆ ಲೇಕ್‌ಸೈಡ್‌ನಲ್ಲೂ ಮಹಿಳಾ ಸರಣಿಯಲ್ಲೂ ಒಟ್ಟಿಗೆ ಮೇಲೇರುವ ಮುಂದಿನ ಹುಡುಗಿಯ ಮೇಲೆ.